ಟಾಪ್ ಮಾಡೆಲ್‌ಗೆ ಮಾತ್ರ ಮೌನ

ಕಾರು ಶೋರೂಮಿಗೆ ಹೋದವರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಬಾಗಿಲು ತೆಗೆದು ಹಾಕೋದು. ‘ಧಪ್’ ಅಂದ್ರೆ ಗಟ್ಟಿ ಗಾಡಿ, ‘ಟಣ್’ ಅಂದ್ರೆ ಡಬ್ಬ. ಜೊತೆಗೆ ಮಾವನೋ ಆಫೀಸಿನ ಸೀನಿಯರ್ರೋ ಇದ್ದರಂತೂ ಗಂಭೀರವಾಗಿ ತಲೆಯಾಡಿಸಿ ‘ಬಿಲ್ಡ್ ಕ್ವಾಲಿಟಿ ಪರವಾಗಿಲ್ಲ’ ಅಂತ ಸರ್ಟಿಫಿಕೇಟನ್ನೂ ಕೊಟ್ಟುಬಿಡ್ತಾರೆ.

ಆ ‘ಧಪ್’ ಬರೋದು ಬಾಗಿಲಿನ ಹೊರತಗಡಿನ ಒಳಮೈಗೆ ಅಂಟಿಸಿದ ಒಂದು ತುಂಡು ಡಾಂಬರು ಶೀಟಿನಿಂದ, ಇಲ್ಲವೇ ಬ್ಯುಟೈಲ್ ರಬ್ಬರಿನಿಂದ. ಜೊತೆಗೆ ಸುತ್ತಲಿನ ಬೀಡಿಂಗ್, ಲಾಕಿನೊಳಗಿನ ಒಂದಿಷ್ಟು ಪ್ಲಾಸ್ಟಿಕ್. ಅಪಘಾತವಾದಾಗ ನಿಮ್ಮ ಪಕ್ಕೆಲುಬು ಕಾಯೋದು ಬಾಗಿಲೊಳಗಿನ ಉಕ್ಕಿನ ಬೀಮು ಮತ್ತು ಪಿಲ್ಲರು. ಅವಕ್ಕೂ ಈ ಧಪ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅಂದರೆ ನಾವು ಲಕ್ಷಗಟ್ಟಲೆ ಸಾಲ ಮಾಡಿ ಕೊಳ್ಳೋ ‘ಗಟ್ಟಿತನ’ದಲ್ಲಿ ಒಂದು ಪಾಲು ಬರೀ ಅಂಟು.

ಆ ಅಂಟಿನ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಕಡಿಮೆ ಸಾಮಾನು ಹಾಕಿ ಇಷ್ಟು ದೊಡ್ಡ ಕೆಲಸ ಮಾಡೋ ಇನ್ನೊಂದು ವಸ್ತು ಗಾಡಿಯಲ್ಲಿ ಸಿಗೋದು ಕಷ್ಟ. ನನ್ನ ಜಗಳ ಇರೋದು ಅದನ್ನ ಎಲ್ಲಿ ಅಂಟಿಸ್ತೀವಿ, ಎಲ್ಲಿ ಅಂಟಿಸಲ್ಲ ಅನ್ನೋದರ ಬಗ್ಗೆ. ಜಗಳಕ್ಕೆ ಮುಂಚೆ ಅದು ಕೆಲಸ ಮಾಡೋ ರೀತಿ ಸ್ವಲ್ಪ ನೋಡಿಬಿಡೋಣ, ಯಾಕಂದ್ರೆ ಇದರಲ್ಲಿ ಗೊತ್ತಿಲ್ಲದೆ ಮಾತಾಡುವವರೇ ಜಾಸ್ತಿ.

ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಪಕ್ಕದ ಮನೆಯವರೂ ಎದ್ದು ಕೂರ್ತಾರೆ. ಅದೇ ತಟ್ಟೆಯ ಬೆನ್ನಿಗೆ ಚಪಾತಿ ಹಿಟ್ಟು ಮೆತ್ತಿ ಬೀಳಿಸಿ, ‘ತಪ್’ ಅಂದು ಸುಮ್ಮನಾಗುತ್ತೆ. ತಗಡು ಅದುರುವಾಗ ಹಿಟ್ಟನ್ನೂ ಎಳೆದು ಒತ್ತುತ್ತೆ. ಹಿಟ್ಟು ಸ್ಪ್ರಿಂಗಿನ ಹಾಗೆ ಆ ಶಕ್ತಿಯನ್ನ ವಾಪಸ್ ಕೊಡಲ್ಲ, ನುಂಗಿ ಬಿಸಿ ಮಾಡಿಕೊಂಡುಬಿಡುತ್ತೆ. ಜರ್ಮನಿಯ ಹರ್ಮನ್ ಓಬರ್ಸ್ಟ್ 1952ರಲ್ಲೇ ಇದರ ಲೆಕ್ಕ ಹಾಕಿಟ್ಟ. ಇಂಥ ವಸ್ತುಗಳನ್ನ ಪರೀಕ್ಷೆ ಮಾಡೋ ಪಟ್ಟಿಗೆ ಇವತ್ತಿಗೂ ಅವನದೇ ಹೆಸರು.

ಇದಕ್ಕಿಂತ ಜಾಣತನದ ಉಪಾಯ ಇನ್ನೊಂದಿದೆ. ಹಿಟ್ಟಿನ ಮೇಲೆ ಇನ್ನೊಂದು ತಟ್ಟೆ ಒತ್ತಿಬಿಡೋದು. ಹೋಳಿಗೆಯ ಹಾಗೆ: ಮೇಲೊಂದು ಕಣಕ, ಕೆಳಗೊಂದು ಕಣಕ, ನಡುವೆ ಹೂರಣ. ಈಗ ಕೆಳಗಿನ ತಗಡು ಬಾಗಿದಾಗ ಮೇಲಿನದು ಅದೇ ಅಳತೆಯಲ್ಲಿ ಹಿಗ್ಗೋಕೆ ಒಪ್ಪಲ್ಲ. ಎರಡರ ನಡುವೆ ಸಿಕ್ಕಿಕೊಂಡ ಹೂರಣ ಅಡ್ಡಡ್ಡ ಜಾರುತ್ತೆ. ಎರಡು ಅಂಗೈ ನಡುವೆ ಬೆಲ್ಲದ ಪಾಕ ಇಟ್ಟು ಉಜ್ಜಿದ ಹಾಗೆ. ಅದುರಾಟವೆಲ್ಲ ಆ ಉಜ್ಜಾಟದಲ್ಲೇ ಸವೆದುಹೋಗುತ್ತೆ. ಅಮೆರಿಕದ ಎಡ್ವರ್ಡ್ ಕರ್ವಿನ್ ಇದರ ಲೆಕ್ಕಾಚಾರವನ್ನ 1959ರಲ್ಲಿ ಪ್ರಕಟಿಸಿದ. ಬರೀ ಉಕ್ಕಿನ ತಗಡಿಗಿರೋ ಅದುರಾಟ ನುಂಗೋ ಗುಣ ತೀರಾ ಕಡಿಮೆ. ಸರಿಯಾದ ಹೂರಣ ಸೇರಿಸಿದರೆ ಅದು ನೂರು ಪಟ್ಟು ಹೆಚ್ಚಾಗಬಹುದು. ಹೂರಣ ದಪ್ಪ ಇರಬೇಕು ಅಂತಲೂ ಇಲ್ಲ. ಎರಡು ಉಕ್ಕಿನ ಹಾಳೆ ಸೇರಿಸಿ ಮಾಡೋ ಲ್ಯಾಮಿನೇಟೆಡ್ ತಗಡಿನಲ್ಲಿ ನಡುವಿನ ಪಾಲಿಮರ್ ಪದರ ನಿಮ್ಮ ತಲೆಗೂದಲಿಗಿಂತ ತೆಳುವಾಗಿರುತ್ತೆ.

ವಿಮಾನದ ಮೈಗೆ, ಡಿಸ್ಕ್ ಬ್ರೇಕಿನ ಪ್ಯಾಡ್ ಹಿಂದೆ ಇರೋ ಶಿಮ್ಮಿಗೆ, ಇಂಜಿನ್ನಿನ ಆಯಿಲ್ ಪ್ಯಾನಿಗೆ, ಎಲ್ಲ ಕಡೆ ಈ ಹೋಳಿಗೆ ಇದೆ. (ಪ್ಯಾಡ್ ಬದಲಾಯಿಸೋವಾಗ ‘ಈ ತಗಡು ಬೇಡ ಬಿಡಿ ಸಾರ್’ ಅಂತ ಶಿಮ್ ಕಿತ್ತು ಬಿಸಾಕೋ ಮೆಕ್ಯಾನಿಕ್ ನಿಮಗೂ ಸಿಕ್ಕಿರಬಹುದು. ಆಮೇಲೆ ಸಿಗ್ನಲ್‌ನಲ್ಲಿ ನಿಲ್ಲಿಸಿದಾಗಲೆಲ್ಲ ‘ಕೀಂಯ್’ ಅನ್ನೋದು ಅದಕ್ಕೇ.) ಮುಂದಿನ ಗಾಜು ಕೂಡ ಹೋಳಿಗೆಯೇ: ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಹಾಳೆ. ದುಬಾರಿ ಗಾಡಿಗಳಲ್ಲಿ ಆ ಹಾಳೆಯೊಳಗೇ ಇನ್ನೂ ಮೆತ್ತನೆಯ ಒಂದು ಪದರ ಸೇರಿಸಿ ‘ಅಕೌಸ್ಟಿಕ್ ಗ್ಲಾಸ್’ ಅಂತ ಮಾರ್ತಾರೆ.

ಈಗ ಜಗಳಕ್ಕೆ ಬರೋಣ.

ಈ ತಿಳಿವಳಿಕೆಗೆ ಅರವತ್ತು ವರ್ಷ ದಾಟಿದೆ. ಆದರೂ ಸದ್ದಿಲ್ಲದಿರೋದನ್ನ ನಮಗೆ ಈಗಲೂ ಸನ್‌ರೂಫಿನ ಸಾಲಿನಲ್ಲಿ ಇಟ್ಟೇ ಮಾರ್ತಾರೆ. ಬೇಸ್ ಮಾಡೆಲ್ಲಿನ ಬಾನೆಟ್ ಎತ್ತಿ ನೋಡಿ, ಎಷ್ಟೋ ಕಾರುಗಳಲ್ಲಿ ಬರೀ ತಗಡು ಕಾಣುತ್ತೆ. ಟಾಪ್ ಮಾಡೆಲ್ಲಲ್ಲಿ ಕರೀ ಹೊದಿಕೆ ಹೊದ್ದು ಮಲಗಿರುತ್ತೆ. ‘ಕ್ಯಾಬಿನ್ ಎಷ್ಟು ಸೈಲೆಂಟ್ ಅಂದ್ರೆ ಗಾಡಿ ಆನ್ ಇದೆಯೋ ಆಫ್ ಆಗಿದೆಯೋ ಗೊತ್ತಾಗಲ್ಲ ಸಾರ್’ ಅಂತ ಸೇಲ್ಸ್ ಹುಡುಗ ಹೇಳ್ತಾನೆ, ನಾವು ಒಂದೂವರೆ ಲಕ್ಷ ಜಾಸ್ತಿ ಕೊಡೋಕೆ ತಯಾರಾಗ್ತೀವಿ. ಅಷ್ಟು ಕೊಡೋಕಾಗದವರಿಗೆ ಜೆ.ಸಿ. ರಸ್ತೆ ಇದೆ. ಅಲ್ಲಿನ ಅಂಗಡಿಯವರು ಬಾಗಿಲು, ಡಿಕ್ಕಿ, ಫ್ಲೋರು, ಟಾಪು, ಒಂದಿಂಚೂ ಬಿಡದೆ ಬೆಳ್ಳಿ ಬಣ್ಣದ ಶೀಟು ಮೆತ್ತಿಕೊಡ್ತಾರೆ.

ಒಂದಿಂಚೂ ಬಿಡದೆ ಮೆತ್ತೋದು ಬೇಕೇ ಇಲ್ಲ ಅನ್ನೋದು ಬೇರೆ ಮಾತು. ತಗಡು ಹೆಚ್ಚು ಅದುರೋದು ನಡುಮಧ್ಯದಲ್ಲಿ. ಅಲ್ಲಿ ಕಾಲು ಭಾಗದಿಂದ ಅರ್ಧ ಭಾಗ ಮುಚ್ಚಿದರೆ ಬಹುಪಾಲು ಲಾಭ ಸಿಕ್ಕಿಬಿಡುತ್ತೆ, ಮಿಕ್ಕಿದ್ದು ಬಿಲ್ಲಿನ ತೂಕಕ್ಕೆ. ತೂಕ ಅಂದರೆ ನಿಜವಾಗಲೂ ತೂಕ: ಎರಡು ಮಿಲಿಮೀಟರ್ ಶೀಟು ಚದರ ಮೀಟರಿಗೆ ಮೂರ್ನಾಲ್ಕು ಕೆಜಿ ತೂಗುತ್ತೆ. ಬಾಗಿಲಿನ ತಳದಲ್ಲಿ ನೀರು ಹರಿದುಹೋಗೋಕೆ ಇರೋ ತೂತನ್ನೂ ಸೇರಿಸಿ ಮುಚ್ಚಿದರೆ ಎರಡು ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ. ಇಷ್ಟೆಲ್ಲ ಮಾಡಿ ಒಳಗೆ ಮೌನ ತುಂಬಿಸಿಕೊಂಡ ಮೇಲೆ, ಹಿಂದಿಂದ ಬರೋ ಆಂಬುಲೆನ್ಸಿನ ಸೈರನ್ ಕೇಳಿಸಿಕೊಳ್ಳೋ ಕಿವಿ ಎಲ್ಲಿಂದ ತರೋದು? ಅದನ್ನ ಅಂಗಡಿಯವನೂ ಹೇಳಲ್ಲ, ನಾವೂ ಕೇಳಲ್ಲ.

ನಿಮ್ಮ ದುಡ್ಡು, ನಿಮ್ಮ ಕಾರು, ಏನಾದರೂ ಮೆತ್ತಿಸಿಕೊಳ್ಳಿ. ಆದರೆ ನೀವು ಎಷ್ಟು ಹೊತ್ತು ಅದರೊಳಗೆ ಇರ್ತೀರಿ? ದಿನಕ್ಕೆ ಎರಡು ಗಂಟೆ? ಸಿಲ್ಕ್ ಬೋರ್ಡ್ ದಾಟಬೇಕಿದ್ದರೆ ಮೂರು ಅನ್ನೋಣ. ಕಾರಿನ ಪಕ್ಕದಲ್ಲೇ, ಅದೇ ಸಿಗ್ನಲ್ಲಿನಲ್ಲಿ, ಎಂಟು ಗಂಟೆ ಕೂರೋ ಒಬ್ಬ ಮನುಷ್ಯ ಇದ್ದಾನಲ್ಲ?

ಮುಂದೆ ಇಂಜಿನ್ ಇರೋ ಬಸ್ಸಿನ ಡ್ರೈವರ್. ಅವನ ಎಡಗಿವಿಯ ಪಕ್ಕದಲ್ಲಿ ಡೀಸೆಲ್ ಇಂಜಿನ್, ಬಲಗಿವಿಯ ಪಕ್ಕದಲ್ಲಿ ತೆರೆದ ಕಿಟಕಿ ಮತ್ತು ನಮ್ಮೆಲ್ಲರ ಹಾರನ್ನು. ಇಂಜಿನ್ನಿಗೂ ಅವನಿಗೂ ನಡುವೆ ಇರೋದು ಒಂದು ತಗಡಿನ ಪೆಟ್ಟಿಗೆ. ಜನ ಅದನ್ನ ಬಾನೆಟ್ ಅಂತಾರೆ, ರಶ್ ಇದ್ದಾಗ ಅದರ ಮೇಲೇ ಕೂರ್ತಾರೆ. ಹಳೇ ಬಸ್ಸಿನಲ್ಲಿ ಅದನ್ನ ಸ್ವಲ್ಪ ಗಮನಿಸಿ ನೋಡಿ. ಮೇಲೆ ಹರಿದ ರೆಕ್ಸಿನ್ನು. ನಾಲ್ಕು ಕ್ಲಾಂಪ್ ಇರಬೇಕಾದ ಕಡೆ ಎರಡು. ಅಂಚಿನ ರಬ್ಬರ್ ಬೀಡಿಂಗ್ ಒಣಗಿ ಚೂರುಚೂರಾಗಿ ಬಿದ್ದುಹೋಗಿದೆ. ಗೇರ್ ಲಿವರ್ ಹಾದುಬರೋ ಸಂದಿಗೆ ಯಾರೋ ಬಟ್ಟೆ ತುರುಕಿದ್ದಾರೆ. ಆ ಬಟ್ಟೆಯ ಸುತ್ತಲಿಂದ ಬಿಸಿಗಾಳಿ ಬರ್ತಾ ಇರುತ್ತೆ, ಅದರ ಜೊತೆಗೇ ಸದ್ದೂ ಬರುತ್ತೆ.

ಸಂದಿ ಅಂದರೆ ಸಣ್ಣ ವಿಷಯ ಅಂದ್ಕೋಬೇಡಿ. ಸದ್ದಿನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಗೋಡೆ ಎಷ್ಟೇ ಗಟ್ಟಿ ಇರಲಿ, ಅದರ ವಿಸ್ತೀರ್ಣದ ನೂರರಲ್ಲಿ ಒಂದು ಭಾಗ ತೆರೆದಿದ್ದರೆ 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯೋಕೆ ಆಗಲ್ಲ. ತಗಡಿನ ತೂಕ ಎರಡು ಪಟ್ಟು ಮಾಡಿದರೆ ಸಿಗೋ ಲಾಭ, ಪುಸ್ತಕದ ಲೆಕ್ಕದಲ್ಲೇ, ಸುಮಾರು 6 ಡೆಸಿಬೆಲ್. ಎರಡು ಪಟ್ಟು ತೂಕ ಹಾಕಿ ಸಂದಿಯನ್ನ ಹಾಗೇ ಬಿಟ್ಟರೆ ಅದೂ ಸಿಗಲ್ಲ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಬೀಡಿಂಗಿನಿಂದ, ಕ್ಲಾಂಪಿನಿಂದ. ಆಮೇಲೆ ಹೋಳಿಗೆ ತಗಡು, ಯಾಕಂದ್ರೆ ಆ ಪೆಟ್ಟಿಗೆ ಇಂಜಿನ್ ಸದ್ದನ್ನ ದಾಟಿಸೋದಲ್ಲದೆ ತಾನೇ ಒಂದು ತಮಟೆಯ ಹಾಗೆ ಬಡಿದುಕೊಳ್ಳುತ್ತೆ. ಐಡ್ಲಿಂಗಿನಲ್ಲಿ ಬಸ್ ನಿಂತಿರುವಾಗ ಬಾನೆಟ್ ಮೇಲೆ ಅಂಗೈ ಒತ್ತಿ ಹಿಡಿದರೆ ‘ಗಡಗಡ’ ತಟ್ಟನೆ ತಗ್ಗುತ್ತೆ ನೋಡಿ, ಆ ಅಂಗೈ ಮಾಡೋ ಕೆಲಸವನ್ನೇ ಹೂರಣ ದಿನವಿಡೀ ಮಾಡುತ್ತೆ.

ಹೋದ ವರ್ಷ ಊರಿಗೆ ಹೋಗುವಾಗ ಬಾನೆಟ್ಟಿನ ಪಕ್ಕದ ಸೀಟೇ ಸಿಕ್ಕಿತ್ತು. ಊಟಕ್ಕೆ ನಿಲ್ಲಿಸಿದಾಗ ಡ್ರೈವರ್ ಹತ್ತಿರ ಕೇಳಿದೆ, ‘ಅಣ್ಣ, ಈ ಸದ್ದಲ್ಲಿ ಹೆಂಗೆ ಇರ್ತೀರ?’ ಎರಡನೇ ಸಲ ಜೋರಾಗಿ ಕೇಳಬೇಕಾಯ್ತು. ನಕ್ಕು ಹೇಳಿದರು: ‘ಅಭ್ಯಾಸ ಆಗೋಗಿದೆ ಸಾರ್. ಮನೇಲೇ ಬೈತಾರೆ, ಟಿವಿ ಊರಿಗೆಲ್ಲ ಕೇಳೋ ಹಂಗೆ ಇಡ್ತೀರಿ ಅಂತ.’

ಈ ‘ಅಭ್ಯಾಸ’ ಅನ್ನೋ ಪದ ಕೇಳಿದರೆ ನನಗೆ ಮೈ ಉರಿಯುತ್ತೆ. ಕಿವಿಗೆ ಅಭ್ಯಾಸ ಅಂತ ಒಂದು ಇಲ್ಲ. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಕೂದಲಿನಂಥ ಎಳೆಗಳಿರೋ ಜೀವಕೋಶಗಳಿವೆ, ಸದ್ದನ್ನ ನರಕ್ಕೆ ತಲುಪಿಸೋದು ಅವು. ವರ್ಷಗಟ್ಟಲೆ ಗದ್ದಲಕ್ಕೆ ಸಿಕ್ಕಿ ಸತ್ತವು ಮತ್ತೆ ಹುಟ್ಟಲ್ಲ. ಮೊದಲು ಹೋಗೋದು 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಎತ್ತರದ ಸ್ಥಾಯಿಯ ಆ ಭಾಗದಲ್ಲೇ ಮಾತಿನ ಸ, ಶ, ತ ಥರದ ಅಕ್ಷರಗಳ ಹರಿತ ಇರೋದು. ಹಾಗಾಗಿ ಆ ಮನುಷ್ಯನಿಗೆ ಧ್ವನಿ ಕೇಳಿಸುತ್ತೆ, ಮಾತು ತಿಳಿಯಲ್ಲ. ಹಿಂದಿಂದ ಬಂದ ‘ಹೋಲ್ಡಾನ್’ ಕೂಗು ಇಂಜಿನ್ ಗದ್ದಲದಲ್ಲಿ ಕರಗಿಹೋಗುತ್ತೆ. ನಾವು ಅದಕ್ಕೆ ಅಭ್ಯಾಸ ಅಂತ ಹೆಸರಿಟ್ಟು ಮುಗಿಸ್ತೀವಿ.

ಇದೇ ಮನುಷ್ಯ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದರೆ ದಿನಕ್ಕೆ 8 ಗಂಟೆಗೆ 90 ಡೆಸಿಬೆಲ್ ಅಂತ ಒಂದು ಗೆರೆಯಾದರೂ ಇರ್ತಿತ್ತು. ಆ ಗೆರೆಯೇ ತೀರಾ ಮೇಲಿದೆ, 85ಕ್ಕೆ ಇಳಿಸಿ ಅನ್ನೋ ವಾದವೂ ಇದೆ, ಇರಲಿ. ಬಸ್ಸಿನವರಿಗೆ 2025ರವರೆಗೆ ಇದ್ದದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು, ರಜೆ ಎಷ್ಟು, ಕ್ಯಾಂಟೀನು, ವಿಶ್ರಾಂತಿ ಕೊಠಡಿ, ಸಮವಸ್ತ್ರ, ಎಲ್ಲ ಅದರಲ್ಲಿತ್ತು. ಡೆಸಿಬೆಲ್ಲಿನ ಲೆಕ್ಕ ಇರಲಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಅಂತ ಹೇಳುತ್ತವೆ, ಆಸ್ಪತ್ರೆ-ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅನ್ನುತ್ತವೆ. ಆ ಊರಿನೊಳಗೆ ಓಡಾಡೋ ಬಸ್ಸಿನ ಡ್ರೈವರ್ ಸೀಟು ಮಾತ್ರ ಯಾವ ವಲಯಕ್ಕೂ ಸೇರಲ್ಲ.

ಡ್ರೈವರ್ ಒಬ್ಬನೇ ಅಲ್ಲ. ಸಿಟಿ ಬಸ್ಸುಗಳಲ್ಲಿ ಹೆಂಗಸರ ಸೀಟು ಎಲ್ಲಿರೋದು? ಮುಂದೆ. ಇಂಜಿನ್ ಎಲ್ಲಿರೋದು? ಮುಂದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮುಂಭಾಗದ ರಶ್ಶು ಎಷ್ಟು ಅಂತ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಮಷಿನ್ನಿನ ಸದ್ದು ಕೇಳಿ ಬಂದವಳು ಮನೆ ತಲುಪೋವರೆಗೂ ಬಾನೆಟ್ಟಿನ ಪಕ್ಕದಲ್ಲಿ ನಿಂತಿರ್ತಾಳೆ. ನಮ್ಮ ಕಿವಿಗೆ ಅಷ್ಟು ಹೊತ್ತಿಗೆ ನಾಯ್ಸ್ ಕ್ಯಾನ್ಸೆಲಿಂಗ್ ಹೆಡ್‌ಫೋನ್ ಏರಿರುತ್ತೆ. ಡ್ರೈವರ್ ಅದನ್ನ ಹಾಕಿಕೊಂಡು ಗಾಡಿ ಓಡಿಸೋಕಾಗುತ್ತಾ?

ಈ ಮಾತು ಎತ್ತಿದಾಗಲೆಲ್ಲ ಬರೋ ಉತ್ತರಗಳು ನನಗೆ ಬಾಯಿಪಾಠ.

ಒಂದು, ‘ತೂಕ ಜಾಸ್ತಿಯಾಗುತ್ತೆ, ಮೈಲೇಜ್ ಹೋಗುತ್ತೆ.’ ಬಾನೆಟ್ ಪೆಟ್ಟಿಗೆಯ ಒಟ್ಟು ಮೈ ಒಂದೂವರೆ-ಎರಡು ಚದರ ಮೀಟರ್ ಇದ್ದೀತು. ಚದರ ಮೀಟರಿಗೆ ಹತ್ತು ಕೆಜಿ ಅಂತ ಧಾರಾಳವಾಗಿ ಹಾಕಿದರೂ ಇಪ್ಪತ್ತು ಕೆಜಿ. ಕೋಲಾರದ ಟೊಮ್ಯಾಟೊ ಬಾಕ್ಸ್ ಒಂದಕ್ಕೇ ಹದಿನೈದು ಕೆಜಿ. ಅಂಥ ಬಾಕ್ಸುಗಳನ್ನೂ, ಅದರ ಯಜಮಾನರನ್ನೂ ಹತ್ತಿಸಿಕೊಂಡು ಓಡೋ ಬಸ್ಸಿಗೆ ಇದು ಭಾರವಾಗೋದು ಟೆಂಡರ್ ಬರೆಯೋರ ಮೇಜಿನ ಮೇಲೆ ಮಾತ್ರ.

‘ಡ್ರೈವರ್‌ಗೆ ಇಂಜಿನ್ ಸದ್ದು ಕೇಳಿಸಬೇಕು, ಗೇರ್ ಬದಲಾಯಿಸೋದು ಅದರ ಮೇಲೇ’ ಅನ್ನೋದು ಇನ್ನೊಂದು. ಅಲ್ಲ ಸ್ವಾಮಿ, ನಿಮ್ಮ ಕಾರಲ್ಲಿ ನಿಮಗೆ ಕೇಳಿಸಲ್ವ? ಕೇಳಿಸುತ್ತೆ, ಬೇಕಾದಷ್ಟೇ ಕೇಳಿಸುತ್ತೆ. ನೂರು ಜನ ತುಂಬಿದ ಗಾಡಿ ಓಡಿಸುವವನಿಗೆ ಗದ್ದಲವೇ ಮಾಹಿತಿ, ಐದು ಜನರ ಗಾಡಿಗೆ ಮೌನವೇ ಮರ್ಯಾದೆ ಅನ್ನೋದು ಯಾವ ಸೀಮೆಯ ಇಂಜಿನಿಯರಿಂಗು?

ಬೆಂಕಿಯ ಪ್ರಶ್ನೆಗೆ ಮಾತ್ರ ನಾನು ತಲೆಬಾಗ್ತೀನಿ. 2013ರಲ್ಲಿ ಹಾವೇರಿ ಹತ್ತಿರ ಬಸ್ಸು ಹೊತ್ತಿ ಉರಿದದ್ದು ನೆನಪಿರೋರು ಇಂಜಿನ್ ಪಕ್ಕ ಏನನ್ನೇ ಅಂಟಿಸೋ ಮುಂಚೆ ಎರಡು ಸಲ ಯೋಚಿಸಬೇಕು. ಜೆ.ಸಿ. ರಸ್ತೆಯಿಂದ ಶೀಟು ತಂದು ಬಾನೆಟ್ಟಿಗೆ ಮೆತ್ತಿ ಅಂತ ನಾನು ಹೇಳ್ತಿಲ್ಲ. ಅದು ಕೆಲಸಕ್ಕೂ ಬರಲ್ಲ. ಹೂರಣಕ್ಕೆ ತನ್ನದೇ ಆದ ಹದದ ಬಿಸಿ ಇದೆ. ತೀರಾ ತಣ್ಣಗಾದರೆ ಗಾಜಿನಂತೆ ಬಿರುಸಾಗುತ್ತೆ, ತೀರಾ ಬಿಸಿಯಾದರೆ ಎಣ್ಣೆಯಂತೆ ಸಡಿಲವಾಗುತ್ತೆ, ಎರಡರಲ್ಲೂ ಅದುರಾಟ ನುಂಗಲ್ಲ. ಕಾರಿನ ಬಾಗಿಲಿಗೆ ಅಂತ ಮಾಡಿದ ಅಂಟು ಡೀಸೆಲ್ ಇಂಜಿನ್ನಿನ ಪಕ್ಕ ಕರಗಿ ಜೋತುಬೀಳುತ್ತೆ. ತೆರೆದ ಫೋಮ್ ಹಾಕಿದರೆ ಆಯಿಲ್ಲು, ಡೀಸೆಲ್ಲು ಹೀರಿಕೊಂಡು ಕೂತುಬಿಡುತ್ತೆ, ಅದು ನಿಜಕ್ಕೂ ಅಪಾಯ. ಆ ಬಿಸಿಗೆ ತಕ್ಕ ಪಾಲಿಮರನ್ನ ಎರಡು ತಗಡಿನ ನಡುವೆ ಮುಚ್ಚಿಟ್ಟ ಹಾಳೆ ಬೇಕು, ಹತ್ತಿಕೊಳ್ಳದ ಹೊದಿಕೆ ಬೇಕು. ಬಸ್ ಬಾಡಿ ಕೋಡ್ ಅಂತ ಒಂದು ಇದೆ, ಒಳಗೆ ಬಳಸೋ ಸಾಮಾನು ಎಷ್ಟು ಬೇಗ ಹೊತ್ತಿಕೊಳ್ಳುತ್ತೆ ಅನ್ನೋ ಪರೀಕ್ಷೆಗಳೂ ಇವೆ. ಆ ಪರೀಕ್ಷೆ ಪಾಸಾದದ್ದನ್ನ ಹಾಕಿ. ಬೆಂಕಿಯ ಭಯವನ್ನ ಏನೂ ಮಾಡದಿರೋಕೆ ನೆಪ ಮಾಡಿಕೊಂಡವರು, ಡೀಸೆಲ್ ನೆಂದ ಬಟ್ಟೆ ಅದೇ ಸಂದಿಯಲ್ಲಿ ತುರುಕಿರೋದನ್ನ ಯಾಕೆ ನೋಡಲ್ಲವೋ.

ಇನ್ನು ‘ಹೆಂಗೂ ಎಲೆಕ್ಟ್ರಿಕ್ ಬಸ್ ಬರ್ತಿವೆಯಲ್ಲ’ ಅನ್ನೋರು. ಬರಲಿ, ಬರ್ತಾನೂ ಇವೆ, ಅದರಲ್ಲಿ ಕೂತರೆ ನೆಮ್ಮದಿ ಅಂತ ನಾನೂ ಒಪ್ತೀನಿ. ಆದರೆ ಇವತ್ತು ಡಿಪೋದಲ್ಲಿರೋ ಡೀಸೆಲ್ ಬಸ್ಸು ನಾಳೆ ಬೆಳಿಗ್ಗೆ ಗುಜರಿಗೆ ಹೋಗಲ್ಲ. ಸಿಟಿಯಲ್ಲಿ ವಯಸ್ಸಾದದ್ದು ಹಳ್ಳಿ ರೂಟಿಗೆ ಹೋಗುತ್ತೆ, ಹಳ್ಳಿಯ ಡ್ರೈವರಿನ ಕಿವಿ ಪಕ್ಕ ಇನ್ನೊಂದಷ್ಟು ವರ್ಷ ಗಡಗಡಿಸುತ್ತೆ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಾನೂ ಆಕ್ಸೆಸರಿ ಅಂಗಡಿಯವನ ಥರ ಆಗ್ತೀನಿ. ಡ್ರೈವರಿನ ಸೊಂಟನೋವಿಗೆ ಈ ಹೋಳಿಗೆ ಮದ್ದಲ್ಲ. ಕೂತ ಮನುಷ್ಯನ ಬೆನ್ನುಮೂಳೆಗೆ ಹೆಚ್ಚು ತೊಂದರೆ ಕೊಡೋದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದಷ್ಟು ನಿಧಾನದ ಕುಲುಕಾಟ. ಅದಕ್ಕೆ ಒಳ್ಳೆ ಸಸ್ಪೆನ್ಷನ್ ಇರೋ ಸೀಟು ಬೇಕು, ಗುಂಡಿಯಿಲ್ಲದ ರಸ್ತೆ ಬೇಕು. ಹೋಳಿಗೆಯ ಕೆಲಸ ಅದಕ್ಕಿಂತ ಎಷ್ಟೋ ವೇಗದ ಅದುರಾಟದ್ದು.

ಹಾಗಾದರೆ ಗೊತ್ತಿರೋರು ನಮ್ಮಲ್ಲಿಲ್ಲವಾ? ಮಲ್ಲೇಶ್ವರದ ಪಕ್ಕದಲ್ಲೇ ಇರೋ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಎಂ. ಎಲ್. ಮುಂಜಾಲ್ ದಶಕಗಳ ಕಾಲ ಸದ್ದು ತಗ್ಗಿಸೋದರ ಮೇಲೇ ಕೆಲಸ ಮಾಡಿದರು. ಮಫ್ಲರುಗಳ ಬಗ್ಗೆ 1987ರಲ್ಲಿ ಬಂದ ಅವರ ಪುಸ್ತಕ ದೇಶ ವಿದೇಶದ ಇಂಜಿನಿಯರುಗಳ ಕೈಯಲ್ಲಿ ಇದೆ. ರಾಕೆಟ್ಟಿನ ಭಾಗಗಳನ್ನ ಭಾರಿ ಸದ್ದಿಗೆ ಒಡ್ಡಿ ಪರೀಕ್ಷೆ ಮಾಡೋ ಕೋಣೆ ಇದೇ ಊರಿನ ಎನ್‌ಎಎಲ್‌ನಲ್ಲಿದೆ. ನಿಮ್ಮಲ್ಲೇ ಎಷ್ಟೋ ಜನ ಹೊರಗಿನ ಕಾರು ಕಂಪನಿಗಳಿಗೆ ‘ಎನ್‌ವಿಎಚ್’ ಅಂತ ಇದೇ ಅದುರಾಟ-ಸದ್ದಿನ ಸಿಮ್ಯುಲೇಷನ್ ಮಾಡಿಕೊಟ್ಟು ಸಂಬಳ ತಗೋತೀರಿ. ಯಾವುದೋ ದೇಶದ ಸೆಡಾನಿನ ಡ್ಯಾಶ್ ಪ್ಯಾನೆಲ್ಲಿನಲ್ಲಿ ಅರ್ಧ ಡೆಸಿಬೆಲ್ ಇಳಿಸೋಕೆ ರಾತ್ರಿ ಹನ್ನೊಂದರವರೆಗೆ ಕಾಲ್‌ನಲ್ಲಿ ಕೂತು, ಆಮೇಲೆ ಕ್ಯಾಬು ಸಿಗದಿದ್ದರೆ ಲಾಸ್ಟ್ ಬಸ್ಸಿನಲ್ಲಿ ಬಾನೆಟ್ ಪಕ್ಕ ಕೂತು ಮನೆಗೆ ಹೋಗ್ತೀರಿ!

ಇದು ದಿಲ್ಲಿಯಲ್ಲೋ ಡೆಟ್ರಾಯಿಟ್‌ನಲ್ಲೋ ತೀರ್ಮಾನವಾಗೋ ವಿಷಯವೂ ಅಲ್ಲ. ಚಾಸಿ ಹೊರಗಿಂದ ಬಂದರೂ ಅದರ ಮೇಲೆ ಬಾಡಿ ಕಟ್ಟೋ ಕೆಲಸ ಕೆಎಸ್ಆರ್‌ಟಿಸಿಯ ಕೆಂಗೇರಿ, ಹಾಸನದ ವರ್ಕ್‌ಶಾಪುಗಳಿಗೆ ಹೊಸದಲ್ಲ. ಹಳೇ ಬಸ್ಸುಗಳನ್ನ ಬಿಚ್ಚಿ, ತುಕ್ಕು ತೆಗೆದು, ಹೊಸ ತಗಡು ಹೊಡೆದು, ಬಣ್ಣ ಬಳಿದು ಮತ್ತೆ ರಸ್ತೆಗೆ ಬಿಡೋ ಕೆಲಸವನ್ನ ಅಲ್ಲಿನವರು ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಹೊಸ ಬಸ್ಸಿನ ಹಾಗೇ ಕಾಣುತ್ತೆ ಅಂತ ಪೇಪರಿನಲ್ಲೂ ಬಂತು. ಹೊರಗಿನ ಬಾಡಿ ಬಿಲ್ಡರುಗಳಿಂದ ಕಟ್ಟಿಸೋದಾದರೂ ಏನು ಹಾಕಬೇಕು, ಏನು ಬೇಡ ಅನ್ನೋ ಪಟ್ಟಿ ಬರೆಯೋದು ನಿಗಮವೇ. ಆ ಪಟ್ಟಿಯಲ್ಲಿ ಮೂರ್ನಾಲ್ಕು ಸಾಲು ಸೇರಿದರೆ ಸಾಕು. ಬಾನೆಟ್ಟಿಗೆ ಪದರ ತಗಡು ಇಂಥ ದಪ್ಪ, ಇಂಥ ಬಿಸಿ ತಡೆಯುವಂಥದ್ದು. ಸುತ್ತಲೂ ಬೀಡಿಂಗ್, ಪ್ರತಿ ಎಫ್‌ಸಿಗೆ ಬದಲಾವಣೆ. ಕ್ಲಾಂಪು ಪೂರ್ತಿ ಇರಬೇಕು. ಕೊನೆಗೆ ಡ್ರೈವರ್ ಸೀಟಿನಲ್ಲಿ, ಅವನ ಕಿವಿಯ ಎತ್ತರಕ್ಕೆ ಮೀಟರ್ ಹಿಡಿದು, ಓಡುವಾಗ ಎಷ್ಟು ಡೆಸಿಬೆಲ್ ಅಂತ ಅಳೆದು ಬರೆದಿಡಬೇಕು. ಹಳೇ ಬಸ್ಸುಗಳಿಗೆ ಇದನ್ನ ಹಾಕೋಕೆ ಬೇರೆ ಮುಹೂರ್ತವೂ ಬೇಕಾಗಿಲ್ಲ. ರಿಪೇರಿಗೆ ಬಂದ ಬಸ್ಸಿನ ಬಾನೆಟ್ಟನ್ನ ಹೇಗಿದ್ದರೂ ಬಿಚ್ಚಿ ಪಕ್ಕಕ್ಕೆ ಇಟ್ಟಿರ್ತಾರೆ.